ಒಂದು ರೀಮಿನ ಬೇಟೆ

ಅರಬ್ಬಿಯಲ್ಲಿ ರೀಮ್ ಎಂದರೆ ಜಿಂಕೆ. ಬಿಳಿ ಹೊಟ್ಟೆಯ, ಕಡ್ಡಿ ಕಾಲಿನ, ಮರಳುಗಾಡಿನ ಪುಟ್ಟ ಜಿಂಕೆ. ನಮ್ಮ ಕಚೇರಿಗಳಲ್ಲಿ ರೀಮ್ ಎಂದರೆ ಐನೂರು ಬಿಳಿ ಹಾಳೆಗಳ ಕಾಗದದ ಕಟ್ಟು. ಇವೆರಡರ ವ್ಯತ್ಯಾಸ ತಿಳಿಯದಿದ್ದರೆ ಸಾಮಾನ್ಯವಾಗಿ ಯಾರ ಗಂಟೂ ಹೋಗುವುದಿಲ್ಲ. ತಿರುಮಲೇಶನದು ಮಾತ್ರ ಹೋಯಿತು.

ಟಿ. ನರಸೀಪುರದ ತಿರುಮಲೇಶ ದೋಹಾದ ಒಂದು ಕಂಟ್ರಾಕ್ಟ್ ಕಂಪೆನಿಯಲ್ಲಿ ಸ್ಟೋರ್ ಕೀಪರ್. ಮದುವೆಯಾಗಿ ಎರಡು ವರ್ಷವಾಗಿತ್ತು. ಅದರಲ್ಲಿ ಹೆಂಡತಿಯ ಜೊತೆ ಕಳೆದದ್ದು ಇಪ್ಪತ್ತೊಂದು ದಿನ. ಉಳಿದ ಸಂಸಾರವೆಲ್ಲ ಅಂಚೆಯಲ್ಲಿ ನಡೆಯುತ್ತಿತ್ತು. ಸಹನಾಳಿಗೆ ಬರೆಯಲು ಅವನಿಗೆ ಗೆರೆ ಹಾಕಿದ ಪ್ಯಾಡು ಒಗ್ಗುತ್ತಿರಲಿಲ್ಲ. ಪ್ರೀತಿ ಗೆರೆ ನೋಡಿಕೊಂಡು ಬರುತ್ತದೆಯೇ? ಆದ್ದರಿಂದ ಒಂಬತ್ತು ವಾರಗಳ ಹಿಂದೆ, ದುಖಾನಿನ ಸೈಟಿಗೆ ವರ್ಗವಾಗಿ ಹೊರಡುವ ಮುನ್ನಾದಿನ, ಐನ್ ಖಾಲಿದಿನ ಸ್ಟೋರಿನಿಂದ ಒಂದು ರೀಮ್ ಬಿಳಿ ಕಾಗದವನ್ನು ಊಟದ ಚೀಲದಲ್ಲಿ ಹಾಕಿಕೊಂಡು ರೂಮಿಗೆ ತಂದಿದ್ದ. ಜೀವಮಾನದಲ್ಲಿ ಅವನು ಮಾಡಿದ ಕಳ್ಳತನ ಅದೊಂದೇ.

ಆ ಸ್ಟೋರು ಇದ್ದದ್ದು ಯಜಮಾನ ಬು ರಾಶಿದರ ತೋಟದ ಮೂಲೆಯಲ್ಲಿ. ಕಂಪೆನಿಯಲ್ಲಿ ಎಲ್ಲರೂ ಅವರನ್ನು ಅರ್ಬಾಬ್ ಎನ್ನುತ್ತಿದ್ದರು. ತಿರುಮಲೇಶ ದುಖಾನಿಗೆ ಹೋದ ಮಾರನೆಯ ದಿನ ಅದೇ ತೋಟದಿಂದ ಅರ್ಬಾಬರ ಸಾಕು ಜಿಂಕೆ ತಪ್ಪಿಸಿಕೊಂಡಿತು. ಅಂದಿನಿಂದ ದಿನಾ ಸಂಜೆ ನಾಲ್ಕಕ್ಕೆ ಬೇಟೆ. ಮುಂದೆ ಅರ್ಬಾಬರ ಲ್ಯಾಂಡ್ ಕ್ರೂಸರ್, ಒಳಗೆ ಉದ್ದ ಮೂತಿಯ ಎರಡು ಬೇಟೆನಾಯಿ, ಹಿಂದೆ ಬಲೆ ಹಿಡಿದ ಆಫೀಸಿನ ಸಿಬ್ಬಂದಿ. ಮರಳೆಲ್ಲ ಜರಡಿ ಹಿಡಿದಂತೆ ಹುಡುಕಿದರೂ ಒಂಬತ್ತು ವಾರಗಳಲ್ಲಿ ಒಂದು ಹಿಕ್ಕೆಯೂ ಸಿಗಲಿಲ್ಲ. ದುಖಾನಿನ ಶೆಡ್ಡಿನಲ್ಲಿ ಬೋಲ್ಟು ನಟ್ಟು ಎಣಿಸುತ್ತ ಕೂತಿದ್ದ ತಿರುಮಲೇಶನಿಗೆ ಇದರ ಗಾಳಿಯೂ ತಾಗಿರಲಿಲ್ಲ.

ಅವನು ರಜೆಯ ಮೇಲೆ ಊರಿಗೆ ಹೊರಡಲೆಂದು ಬುಧವಾರ ಸಂಜೆ ದೋಹಾಕ್ಕೆ ಮರಳಿದ. ಶುಕ್ರವಾರ ಬೆಳಿಗ್ಗೆ ಬಾಂಬೆ ವಿಮಾನ. ಟಿಕೆಟು ಜೇಬಿನಲ್ಲಿತ್ತು, ಪೆಟ್ಟಿಗೆಯಲ್ಲಿ ಹಾಲಿನಪುಡಿಯಿಂದ ಹಿಡಿದು ಅತ್ತರಿನವರೆಗೆ ಎಲ್ಲವೂ ಇತ್ತು. ಇಲ್ಲದಿದ್ದದ್ದು ಎಕ್ಸಿಟ್ ಒಂದೇ. ಕತಾರಿನಿಂದ ಹೊರಗೆ ಕಾಲಿಡಬೇಕಾದರೆ ಎಕ್ಸಿಟ್ ಅರ್ಜಿಗೆ ಅರ್ಬಾಬರ ಸಹಿ ಬೇಕು, ಆಮೇಲೆ ಜವಾಝಾತ್ ಎಂಬ ಪಾಸ್‌ಪೋರ್ಟ್ ಕಚೇರಿಯ ಸೀಲು ಬೇಕು. ಆ ಕಚೇರಿ ಗುರುವಾರ ಒಂದು ಗಂಟೆಗೆ ಮುಚ್ಚುತ್ತದೆ. ಗುರುವಾರ ಬೆಳಿಗ್ಗೆ ಏಳಕ್ಕೇ ತಿರುಮಲೇಶ ತಲೆ ಬಾಚಿಕೊಂಡು ಆಫೀಸಿನಲ್ಲಿ ಹಾಜರಾದ.

ಸೆಕ್ರೆಟರಿ ಜರ್ಟ್ರೂಡ್ ಮಂಗಳೂರಿನ ಬೆಂದೂರಿನವರು. ಹದಿನೈದು ವರ್ಷದಿಂದ ಅರ್ಬಾಬರ ಕೋಣೆಯ ಬಾಗಿಲು ಕಾಯುತ್ತಿದ್ದವರು. ಅವನ ಅರ್ಜಿಯನ್ನು ನೋಡಿ ಕನ್ನಡಕ ತೆಗೆದಿಟ್ಟರು.

“ಎಕ್ಸಿಟ್ಟಾ? ಈಗ ಯಾರಿಗೂ ಇಲ್ಲ ಮಾರಾಯ್ರೆ. ರೀಮ್ ಸಿಗುವವರೆಗೆ ಒಂದು ಕಾಗದಕ್ಕೂ ಸೈನ್ ಮಾಡುದಿಲ್ಲ ಅಂತ ಅರ್ಬಾಬ್ ಕೂತಿದ್ದಾರೆ.”

“ಯಾವ ರೀಮ್ ಮೇಡಂ?”

“ನಿಮಗೆ ಗೊತ್ತಿಲ್ವಾ? ಐನ್ ಖಾಲಿದಿಂದ ಒಂದು ರೀಮ್ ಮಿಸ್ಸಿಂಗ್. ಒಂಬತ್ತು ವಾರ ಆಯ್ತು. ನೀವು ದುಖಾನಿಗೆ ಹೋದ್ರಲ್ಲ, ಮರುದಿನವೇ ಗೊತ್ತಾದದ್ದು.”

ತಿರುಮಲೇಶ ಒಮ್ಮೆ ಬಾಗಿಲ ಕಡೆ ನೋಡಿಕೊಂಡ. “ಒಂದೇ ಒಂದು ರೀಮಿಗೆ ಇಷ್ಟೊಂದಾ?” ಎಂದು ಕೇಳಿದ.

“ಒಂದೇ ಅಂತ ಹೇಳ್ಬೇಡಿ. ಅವರ ಅಮ್ಮನಿಗೆ ಅದೆಂದ್ರೆ ಪ್ರಾಣ. ಬೆಳಿಗ್ಗೆ ಎದ್ದು ಅದರ ಮೇಲೆ ಕೈಯಾಡಿಸದೆ ಕಾವಾ ಕಾಫಿ ಸಹ ಕುಡಿಯುದಿಲ್ಲ ಅವರು. ಅಷ್ಟು ನುಣ್ಣಗೆ ಇತ್ತಂತೆ. ಈಗ ಪಾಪ ಊಟ ಬಿಟ್ಟಿದ್ದಾರೆ.”

ಅರ್ಬಾಬರ ತಾಯಿಗೆ ಓದು ಬರಹ ಬಾರದೆಂಬುದು ತಿರುಮಲೇಶನಿಗೆ ಗೊತ್ತಿತ್ತು. ಓದು ಬಾರದವರಿಗೆ ಬಿಳಿ ಕಾಗದದ ಮೇಲೆ ಒಂದು ಮೋಹ ಇರಬಹುದು ಎಂದುಕೊಂಡ. ಅಯ್ಯೋ, ಆ ಮುದುಕಿಯ ಕಾಗದವನ್ನೇ ಕದ್ದೆನಲ್ಲ ಎಂದು ಅವನಿಗೆ ನಿಜವಾಗಿ ದುಃಖವಾಯಿತು.

ಪಕ್ಕದ ಮೇಜಿನ ಅಕೌಂಟೆಂಟ್ ಗಿರಿಧರ್ ಬೆಂಗಳೂರಿನವನು. ಅವನ ಫ್ಯಾಮಿಲಿ ವೀಸಾದ ಅರ್ಜಿಯೂ ಅದೇ ಸಹಿಗೆ ಕಾದು ಕೊಳೆಯುತ್ತಿತ್ತು. ಕುರ್ಚಿಯನ್ನು ಇತ್ತ ಜರುಗಿಸಿ ದನಿ ತಗ್ಗಿಸಿದ.

“ನನ್ ಕೇಳಿದ್ರೆ ಅದನ್ನ ಯಾರೋ ನಮ್ಮೋರೇ ತಿಂದ್ಹಾಕಿದಾರೆ ಗುರು.”

ನಮ್ಮ ಕನ್ನಡದಲ್ಲಿ ತಿನ್ನುವುದಕ್ಕೆ ಬಾಯಿಯೇ ಬೇಕೆಂದಿಲ್ಲ. ಸೇತುವೆ ತಿಂದವರಿದ್ದಾರೆ, ಕೆರೆ ತಿಂದವರಿದ್ದಾರೆ. ತಿರುಮಲೇಶ ಬೆವರಿದ. “ಸಿಕ್ಕಿಬಿದ್ರೆ ಏನ್ ಮಾಡ್ತಾರೆ?”

“ಏನ್ ಮಾಡ್ತಾರೆ, ವೀಸಾ ಖಲಾಸ್. ಪಾಸ್‌ಪೋರ್ಟ್ ಮೇಲೆ ಸೀಲ್ ಹೊಡೆದು ಕಳಿಸ್ತಾರೆ. ಜನ್ಮದಲ್ಲಿ ಮತ್ತೆ ಈ ಕಡೆ ತಲೆ ಹಾಕಂಗಿಲ್ಲ.”

“ತಿಂದಿದ್ದನ್ನ ಯಾರಿಗೂ ಗೊತ್ತಾಗದ ಹಾಗೆ ವಾಪಸ್ ಇಟ್ಟುಬಿಟ್ರೆ?”

ಗಿರಿಧರ್ ಕುರ್ಚಿಯನ್ನು ಮತ್ತೆ ಹಿಂದಕ್ಕೆ ಜರುಗಿಸಿದ. “ತಿಂದಿದ್ದನ್ನ ಹೆಂಗಪ್ಪಾ ವಾಪಸ್ ಇಡ್ತಾರೆ?”

ಹಾಗಂದರೂ ತಿರುಮಲೇಶ ಆಗಲೇ ತೀರ್ಮಾನ ಮಾಡಿಯಾಗಿತ್ತು. ಅಬು ಹಮೂರಿನ ತನ್ನ ರೂಮಿಗೆ ಹೋಗಿ, ಮಂಚದ ಕೆಳಗಿರುವ ಕಟ್ಟನ್ನು ತೆಗೆದು, ಐನ್ ಖಾಲಿದಿನ ಸ್ಟೋರಿನಲ್ಲಿ ಇಟ್ಟುಬಿಡುವುದು. ಆಮೇಲೆ, ‘ಇಲ್ಲೇ ಮೂಲೆಯಲ್ಲಿ ಬಿದ್ದಿತ್ತು’ ಎಂದು ಕೂಗುವುದು. ಹನ್ನೊಂದರೊಳಗೆ ಸಹಿ, ಒಂದರೊಳಗೆ ಸೀಲು, ನಾಡಿದ್ದು ಸಹನಾ. ಅವನು ಹೊರಗೆ ಬಂದು ಪಿಕಪ್ಪಿನ ಹತ್ತಿರ ನಿಂತಿದ್ದ ಹಸೈನಾರನ್ನು ಹಿಡಿದುಕೊಂಡ.

ಹಸೈನಾರ್ ವಿಟ್ಲದ ಕಡೆಯ ಬ್ಯಾರಿ. ಕಂಪೆನಿಯ ಡ್ರೈವರೂ ಅವರೇ, ಸರಕಾರಿ ಕಚೇರಿಗಳಿಗೆ ಅಲೆಯುವವರೂ ಅವರೇ. ಜುಟ್ಟು, ಜನಿವಾರ ಕಂಡರೆ ಸಾಕು, ಯಾರನ್ನಾದರೂ ಭಟ್ರೇ ಎನ್ನುವುದು ಅವರ ಪದ್ಧತಿ. ತಾನು ಭಟ್ಟನಲ್ಲ, ಅಯ್ಯಂಗಾರಿ ಎಂದು ಹೇಳಿ ಹೇಳಿ ತಿರುಮಲೇಶ ಸುಸ್ತಾಗಿ ಬಿಟ್ಟುಬಿಟ್ಟಿದ್ದ.

ದಾರಿಯುದ್ದಕ್ಕೂ ಹಸೈನಾರ್ ಬೇಟೆಯ ಕತೆಯನ್ನೇ ಹೇಳಿದರು. “ಎಂಥ ಹೇಳುದು ಭಟ್ರೇ, ನಾಯಿ ಬಿಟ್ಟು ಸಹ ಹುಡುಕಿಸಿದ್ರು. ಎರಡು ನಾಯಿ! ಒಮ್ಮೆ ವಾಸನೆ ಹಿಡಿದ್ರೆ ಬಿಡುವ ಜಾತಿ ಅಲ್ಲ ಅದು.”

ತಿರುಮಲೇಶ ಕಿಟಕಿಯ ಕಡೆ ತಿರುಗಿ ತನ್ನ ಅಂಗಿಯ ಕಾಲರನ್ನು ಮೆಲ್ಲಗೆ ಮೂಸಿ ನೋಡಿಕೊಂಡ. ಕಾಗದದ ವಾಸನೆ ಬಂದಂತೆಯೇ ಆಯಿತು.

“ಹಸೈನಾರ್ ಭಾಯಿ,” ಎಂದ ಕೊನೆಗೆ, “ಯಾರಿಗೂ ಹೇಳಬೇಡಿ. ರೀಮ್ ನನ್ನ ರೂಮಲ್ಲಿದೆ.”

ಪಿಕಪ್ಪು ರಸ್ತೆಯ ಬದಿಗೆ ಹೋಗಿ ನಿಂತಿತು. ಹಿಂದಿನ ಗಾಡಿಯವನು ಹಾರನ್ ಹೊಡೆದು ಬೈದುಕೊಂಡು ಹೋದ.

“ಯಾ ಅಲ್ಲಾ! ನಿಮ್ಮ ರೂಮಿನಲ್ಲಾ? ಪೂರ್ತಿ ಉಂಟಾ?”

“ಪೂರ್ತಿ ಇಲ್ಲ. ಮುಕ್ಕಾಲು ಭಾಗ ಹಾಗೇ ಇದೆ. ಸ್ವಲ್ಪ ಖರ್ಚಾಗಿದೆ.”

“ಖರ್ಚು? ಭಟ್ರೇ, ನೀವು ಮೊಟ್ಟೆ ಸಹ ಮುಟ್ಟದವರು!”

“ಏನ್ ಮಾಡೋದು ಭಾಯಿ, ಒಂಟಿ ಜೀವ. ರಾತ್ರಿ ಊಟ ಆದಮೇಲೆ ಕೈ ಸುಮ್ಮನಿರಲ್ಲ. ದುಖಾನಿಗೂ ಒಂದಷ್ಟು ಮಡಚಿ ತಗೊಂಡು ಹೋಗಿದ್ದೆ. ವಾರಕ್ಕೆರಡು ಸಲ ಊರಿಗೂ ಪೋಸ್ಟ್ ಮಾಡಿದೀನಿ.”

“ಪೋಸ್ಟಿನಲ್ಲಿ?” ಹಸೈನಾರರ ಗಡ್ಡ ನಡುಗಿತು. “ಯಾರಿಗೆ?”

“ಇನ್ಯಾರಿಗೆ, ನಮ್ಮನೆಯವಳಿಗೆ. ಅವಳಿಗೆ ಅದು ಅಂದ್ರೆ ಬಹಳ ಆಸೆ. ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾಳಂತೆ.”

ಹಸೈನಾರ್ ಗಾಡಿಯನ್ನು ಮತ್ತೆ ರಸ್ತೆಗೆ ಹತ್ತಿಸಿದರು. ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದು ಎಂತೆಂಥ ಜನರನ್ನೋ ಕಂಡಿದ್ದರು. ಜಿಂಕೆ ತಿನ್ನುವ ಭಟ್ಟರನ್ನು, ಅದನ್ನು ಕವರಿನಲ್ಲಿ ಹಾಕಿ ಹೆಂಡತಿಗೆ ಕಳಿಸುವವರನ್ನು ಕಂಡದ್ದು ಇದೇ ಮೊದಲು. ಅಬು ಹಮೂರಿನ ಮೂಲೆಯ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, “ಒಂದು ನಿಮಿಷ, ಸಿಗರೇಟು,” ಎಂದು ಇಳಿದು ಹೋದರು. ಹಸೈನಾರ್ ಸಿಗರೇಟು ಸೇದುವುದಿಲ್ಲ ಎಂಬುದು ತಿರುಮಲೇಶನಿಗೆ ಆಗ ಹೊಳೆಯಲಿಲ್ಲ. ಅಂಗಡಿಯ ಗಾಜಿನ ಹಿಂದೆ ಅವರು ಫೋನನ್ನು ಕಿವಿಗೆ ಒತ್ತಿಕೊಂಡು ಕೈ ಬೀಸುತ್ತಿದ್ದದ್ದೂ ಕಾಣಲಿಲ್ಲ. ಅವನು ವಾಚು ನೋಡುತ್ತಿದ್ದ. ಹತ್ತೂಕಾಲು.

ರೂಮಿಗೆ ಹೋಗಿ ಮಂಚದ ಕೆಳಗೆ ತೆವಳಿ ಕಟ್ಟನ್ನು ಎಳೆದು, ಧೂಳು ಒರೆಸಿ, ನೀಟಾಗಿ ಟವೆಲಿನಲ್ಲಿ ಸುತ್ತುವಷ್ಟರಲ್ಲಿ ಹೊರಗೆ ಗಾಡಿಗಳ ಸದ್ದಾಯಿತು. ಮಗುವನ್ನು ಎತ್ತಿಕೊಂಡಂತೆ ಟವೆಲನ್ನು ಎತ್ತಿಕೊಂಡು ಬಾಗಿಲಿಗೆ ಬಂದ ತಿರುಮಲೇಶ ಅಲ್ಲೇ ನಿಂತುಬಿಟ್ಟ.

ಬಯಲಿನಲ್ಲಿ ಲ್ಯಾಂಡ್ ಕ್ರೂಸರ್ ನಿಂತಿತ್ತು. ಅದರ ಹಿಂದೆ ಆಫೀಸಿನ ಕಾರು, ಅದರಿಂದಿಳಿದ ಜರ್ಟ್ರೂಡ್, ಗಿರಿಧರ್. ಲ್ಯಾಂಡ್ ಕ್ರೂಸರಿನ ಹಿಂದಿನ ಸೀಟಿನಲ್ಲಿ ನಾಯಿಗಳೆರಡೂ ಒಂದರ ಮೇಲೊಂದು ಕಾಲು ಹಾಕಿ ನಿದ್ದೆ ಮಾಡುತ್ತಿದ್ದವು. ಮುಂದಿನ ಸೀಟಿನಲ್ಲಿ ಕಪ್ಪು ಬಟ್ಟೆಯ ಮುದುಕಿಯೊಬ್ಬರು ಕಿಟಕಿಗೆ ಮುಖ ಹಚ್ಚಿ ಕೂತಿದ್ದರು. ಅರ್ಬಾಬರ ತಾಯಿ. ರೀಮ್ ಸಿಕ್ಕಿತಂತೆ ಎಂಬುದನ್ನಷ್ಟೇ ಕೇಳಿ, ಉಳಿದದ್ದನ್ನು ಕೇಳದೆ ಹೊರಟು ಬಂದಿದ್ದರು.

ಅರ್ಬಾಬ್ ದಾಪುಗಾಲು ಹಾಕಿಕೊಂಡು ಬಂದರು. ಕಣ್ಣು ಕೆಂಪಾಗಿತ್ತು. “ವೇನ್ ರೀಮ್?” ಎಂದು ಗುಡುಗಿದರು. ರೀಮ್ ಎಲ್ಲಿ?

ತಿರುಮಲೇಶ ಎರಡೂ ಕೈಗಳಿಂದ ಟವೆಲನ್ನು ಮುಂದೆ ಚಾಚಿದ. “ಹಾದಾ ರೀಮ್, ಅರ್ಬಾಬ್. ಸಾರಿ, ಅರ್ಬಾಬ್.”

ಅರ್ಬಾಬರ ಮುಖದಲ್ಲಿದ್ದ ಕೋಪವೆಲ್ಲ ಇಳಿದು ದುಃಖವಾಯಿತು. ಅಷ್ಟು ಸಣ್ಣ ಗಂಟು. ಟವೆಲಿನ ಮಡಿಕೆ ಸರಿಸಿದರು. ಒಳಗೆ ಬಿಳಿ ಹಾಳೆಗಳು. ಒಂದನ್ನು ಎತ್ತಿ ನೋಡಿದರು, ಅದರ ಕೆಳಗೆ ಇಣುಕಿದರು. ಅಲ್ಲಿಯೂ ಕಾಗದವೇ.

ಮೊದಲು ಅರ್ಥವಾದದ್ದು ಜರ್ಟ್ರೂಡರಿಗೆ. “ಅಯ್ಯೋ ಜೇಜು! ಈ ಪುಣ್ಯಾತ್ಮ ಪೇಪರ್ ರೀಮ್ ಅಂತ ತಿಳ್ಕೊಂಡಿದ್ದಾರೆ!” ಎಂದು ಹಣೆ ಚಚ್ಚಿಕೊಂಡು ನಗತೊಡಗಿದರು. ಹಾಗೆಯೇ ನಗುತ್ತ ಅರ್ಬಾಬರಿಗೆ ಅರಬ್ಬಿಯಲ್ಲಿ ವಿವರಿಸಿದರು. ಗಿರಿಧರ್ ಕಾರಿನ ಬಾನೆಟ್ಟಿನ ಮೇಲೆ ತಲೆಯಿಟ್ಟು ಹೊಟ್ಟೆ ಹಿಡಿದುಕೊಂಡ. “ರೀಮ್ ಅಂದ್ರೆ ಜಿಂಕೆ ಗುರು! ಜಿಂಕೆ!” ಎಂದು ಅಲ್ಲಿಂದಲೇ ಕೂಗಿದ. ಹಸೈನಾರ್ ಮಾತ್ರ ಆಕಾಶ ನೋಡುತ್ತ ದೊಡ್ಡ ಉಸಿರು ಬಿಟ್ಟರು.

ಅರ್ಬಾಬ್ ನಗಲಿಲ್ಲ. ಕಿಟಕಿಯಲ್ಲಿ ತಾಯಿಯ ಮುಖ ಕಾಣುತ್ತಿತ್ತು. ಮುದುಕಿಯ ಮುಂದೆ ತನ್ನನ್ನು ಕೋಡಂಗಿ ಮಾಡಿದರೆಂದು ಅವರ ರಕ್ತ ಕುದಿಯಿತು. ಕಾಗದದ ಕಟ್ಟನ್ನು ಕಿತ್ತುಕೊಂಡು ಎರಡೂ ಕೈಯಿಂದ ಮೇಲಕ್ಕೆ ಎಸೆದರು. “ಎಕ್ಸಿಟ್ ಮಾಫಿ! ಖಲಾಸ್!”

ಎಕ್ಸಿಟ್ ಇಲ್ಲ, ಮುಗಿಯಿತು. ಅಷ್ಟು ಅರಬ್ಬಿ ತಿರುಮಲೇಶನಿಗೂ ಬರುತ್ತಿತ್ತು. ಡಿಸೆಂಬರಿನ ಗಾಳಿ ಮುನ್ನೂರೈವತ್ತು ಹಾಳೆಗಳನ್ನು ಬಯಲಿಗೆಲ್ಲ ಹರಡಿಬಿಟ್ಟಿತು.

ಆಗ ಅವನಿಗೆ ಇನ್ನೊಂದು ನೆನಪಾಯಿತು. ಕಟ್ಟಿನ ನಡುವೆ, ಸಹನಾಳಿಗೆ ಕೈಯಾರೆ ಕೊಡಲೆಂದು ಹಿಂದಿನ ಸಂಜೆ ಬರೆದ ಪತ್ರವಿತ್ತು. ನಾಲ್ಕು ಪುಟ. ಗಂಡ ಹೆಂಡಿರಲ್ಲದೆ ಬೇರೆ ಯಾರೂ ಓದಬಾರದಂಥದ್ದು. ಆಫೀಸಿನವರಲ್ಲಿ ಮೂವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ತಿರುಮಲೇಶ ಎಕ್ಸಿಟನ್ನೂ ಅರ್ಬಾಬರನ್ನೂ ಮರೆತು, ಪಂಚೆ ಕಟ್ಟಿದವನಂತೆ ಪ್ಯಾಂಟನ್ನು ಎತ್ತಿ ಹಿಡಿದುಕೊಂಡು ಹಾಳೆಗಳ ಹಿಂದೆ ಓಡಿದ.

ಅಷ್ಟರಲ್ಲಿ ಅಂಗಡಿಯ ಹಿಂಭಾಗದಿಂದ ಮೇಕೆಗಳ ಹಿಂಡೊಂದು ಬಂತು. ಆ ಕಾಲದಲ್ಲಿ ಅಬು ಹಮೂರಿನ ಮೇಕೆಗಳಿಗೆ ಹುಲ್ಲಿನ ಪರಿಚಯವಿರಲಿಲ್ಲ. ಅಂಗಡಿಯವರು ಎಸೆದ ರಟ್ಟಿನ ಡಬ್ಬಗಳೇ ಅವುಗಳ ಆಹಾರ. ಇವತ್ತು ಆಕಾಶದಿಂದಲೇ ಎಳೆಯ ಬಿಳಿ ಕಾಗದ ಉದುರುತ್ತಿರುವುದನ್ನು ಕಂಡು ಹಿಂಡಿಗೆ ಹಿಂಡೇ ನುಗ್ಗಿತು. ತಿರುಮಲೇಶ ಮೂರು ಪುಟಗಳನ್ನು ಉಳಿಸಿಕೊಂಡ. ಉಳಿದದ್ದು ಮೊದಲನೆಯ ಪುಟ, ಅದು ಒಂದು ಮೇಕೆಯ ಬಾಯಿಗೆ ಸೇರಿತ್ತು.

“ಏ, ಬಿಡೇ! ಬಿಡೇ ಮುಂಡೇದೆ! ನಿನಗಲ್ಲ ಅದು ಬರೆದಿದ್ದು!”

ಅದು ಬಿಡಲಿಲ್ಲ. ‘ಪ್ರಿಯ ಸಹ’ ಎಂಬಷ್ಟು ಹೊರಗಿತ್ತು, ಉಳಿದದ್ದು ಒಳಗೆ ಹೋಗುತ್ತಿತ್ತು. ತಿರುಮಲೇಶ ಅದರ ಕತ್ತನ್ನು ಕಂಕುಳಲ್ಲಿ ಅವುಚಿ ಹಿಡಿದು, ಮಂಡಿಯೂರಿ, ಬಾಯಿಗೆ ಕೈ ಹಾಕಿದ.

“ರೀಮ್!” ಎಂದು ಗಾಡಿಯೊಳಗಿಂದ ಮುದುಕಿ ಚೀರಿದರು.

ಅವನ ಕಂಕುಳಲ್ಲಿದ್ದ ಪ್ರಾಣಿ ಆ ದನಿಗೆ ಕಿವಿ ನಿಮಿರಿಸಿ ತಲೆಯೆತ್ತಿತು. ಆಗಲೇ ತಿರುಮಲೇಶ ಅದನ್ನು ಸರಿಯಾಗಿ ನೋಡಿದ್ದು. ಮೇಕೆಗೆ ಇಷ್ಟು ದೊಡ್ಡ ಕಣ್ಣು ಇರುವುದಿಲ್ಲ. ಇಷ್ಟು ಚಂದದ ಬಾಗಿದ ಕೊಂಬೂ ಇರುವುದಿಲ್ಲ. ಒಂಬತ್ತು ವಾರ ರಟ್ಟು ತಿಂದು ದುಂಡಗಾಗಿದ್ದ ಅರ್ಬಾಬರ ಜಿಂಕೆ ಕೊನೆಯ ತುತ್ತನ್ನು ನುಂಗಿ ಅವನ ಮೂಗನ್ನು ನೆಕ್ಕಿತು.

ಮುಂದಿನ ಅರ್ಧ ಗಂಟೆ ಅಬು ಹಮೂರಿನಲ್ಲಿ ಹಬ್ಬ. ಮುದುಕಿ ಜಿಂಕೆಯ ಬೆನ್ನ ಮೇಲೆ ಕೈಯಾಡಿಸುತ್ತ ಅತ್ತರು. ಅರ್ಬಾಬ್ ತಿರುಮಲೇಶನನ್ನು ತಬ್ಬಿಕೊಂಡು ಅವನ ಮೂಗಿಗೆ ಮೂಗು ತಾಗಿಸಿದರು, ಒಂದು ಸಲವಲ್ಲ, ಮೂರು ಸಲ. ತಾವು ನಾಯಿ ಬಿಟ್ಟು, ಬಲೆ ಬೀಸಿ, ಪೆಟ್ರೋಲು ಸುಟ್ಟು ಹುಡುಕಿದ್ದನ್ನು ಈ ಮನುಷ್ಯ ಬರಿಗೈಯಲ್ಲಿ ಹಿಡಿದ. ಇವನ ಕೈಯಲ್ಲಿ ಬರಕತ್ ಇದೆ, ದೇವರ ಕೃಪೆ ಇದೆ ಎಂದು ಎಲ್ಲರಿಗೂ ಸಾರಿದರು. ಸಮಯ ಬಲ್ಲ ಜರ್ಟ್ರೂಡ್ ಕಾರಿನಿಂದ ಫೈಲು ತಂದು ಬಾನೆಟ್ಟಿನ ಮೇಲೆ ಬಿಚ್ಚಿಟ್ಟರು. ಒಂಬತ್ತು ವಾರದ ಕಾಗದಗಳಿಗೆಲ್ಲ ಅಲ್ಲೇ ಸಹಿ ಬಿತ್ತು. ಗಿರಿಧರನ ಫ್ಯಾಮಿಲಿ ವೀಸಾಕ್ಕೂ ಬಿತ್ತು.

ಕೊನೆಗೆ ತಿರುಮಲೇಶನ ಅರ್ಜಿ ಬಂತು. ಅವನು ಕೈಮುಗಿದು, “ಎಕ್ಸಿಟ್, ಅರ್ಬಾಬ್. ಟುಮಾರೋ,” ಎಂದ.

“ಎಕ್ಸಿಟ್? ಯೂ ವಾಂಟ್ ಎಕ್ಸಿಟ್?” ಅರ್ಬಾಬ್ ಅವನ ಭುಜ ತಟ್ಟಿದರು. “ಟುಮಾರೋ ಮಾರ್ನಿಂಗ್, ಎಕ್ಸಿಟ್! ಹ್ಯಾಪಿ?”

“ಶುಕ್ರನ್, ಅರ್ಬಾಬ್! ವೆರಿ ಹ್ಯಾಪಿ!” ತಿರುಮಲೇಶನ ಕಣ್ಣಲ್ಲಿ ನೀರು ಬಂತು. ಅರ್ಬಾಬ್ ಬೇರೆಯವರಿಗೆಲ್ಲ ಬರೀ ಸಹಿ ಹಾಕಿದ್ದರು. ಇವನ ಅರ್ಜಿಯ ಮೇಲೆ ಮಾತ್ರ ಅರಬ್ಬಿಯಲ್ಲಿ ಮೂರು ಸಾಲು ಬರೆದು ಆಮೇಲೆ ಸಹಿ ಹಾಕಿದರು. ಹೊಗಳಿಕೆ ಇರಬೇಕು ಎಂದುಕೊಂಡ.

ಹನ್ನೆರಡು ಗಂಟೆಗೆ ಹಸೈನಾರ್ ಅರ್ಜಿ, ಪಾಸ್‌ಪೋರ್ಟು ಹಿಡಿದು ಜವಾಝಾತಿಗೆ ಹಾರಿದರು. ಸೀಲು ಬಿದ್ದ ಮೇಲೆ ಅಂಗಡಿಯ ಪಕ್ಕದ ಟೆಲಿಫೋನ್ ಬೂತಿನ ಹತ್ತಿರ ಸಿಗುತ್ತೇನೆ ಎಂದಿದ್ದರು. ಒಂದು ಗಂಟೆಗೆ ಪಿಕಪ್ಪು ದೂರದಲ್ಲಿ ಬರುತ್ತಿರುವುದು ಕಂಡಿತು, ಕಿಟಕಿಯಿಂದ ಹೊರಬಂದ ಕೈಯಲ್ಲಿ ಕಾಗದ ಹಾರುತ್ತಿತ್ತು. ತಿರುಮಲೇಶನಿಗೆ ತಡೆಯಲಾಗಲಿಲ್ಲ. ಬೂತಿಗೆ ನುಗ್ಗಿ ಕಾರ್ಡು ತೂರಿಸಿ ನರಸೀಪುರದ ನಂಬರು ಒತ್ತಿದ. ಅವರ ಮನೆಯಲ್ಲಿ ಫೋನಿರಲಿಲ್ಲ, ಪಕ್ಕದ ಲಲಿತಮ್ಮನವರ ಮನೆಯಲ್ಲಿತ್ತು. ಲಲಿತಮ್ಮ ಕೂಗಿ ಕರೆದು, ಸಹನಾ ಓಡಿ ಬಂದು ಫೋನ್ ಹಿಡಿಯುವಷ್ಟರಲ್ಲಿ ಕಾರ್ಡಿನ ಅರ್ಧ ಆಯುಷ್ಯ ಮುಗಿದಿತ್ತು.

“ಸಹನಾ, ಎಕ್ಸಿಟ್ ಸಿಕ್ತು! ಬೆಳಿಗ್ಗೆ ಹೊರಡ್ತೀನಿ!”

“ನಿಜವಾಗ್ಲೂ? ನನ್ನಾಣೆ?” ಆ ಕಡೆ ಸಹನಾ ಅತ್ತಳೋ ನಕ್ಕಳೋ ತಿಳಿಯಲಿಲ್ಲ. “ಲಲಿತಮ್ಮನೋರೇ, ಎಕ್ಸಿಟ್ ಸಿಕ್ತಂತೆ! ಅಮ್ಮಾ, ಅವರು ಹೊರಟ್ರಂತೆ! ರೀ, ಅಣ್ಣನ್ನ ಈಗ್ಲೇ ಟ್ಯಾಕ್ಸಿ ಹೇಳಕ್ಕೆ ಕಳಿಸ್ತೀನಿ. ನಾಡಿದ್ದು ಎಲ್ರೂ ಬೆಂಗಳೂರಿಗೆ ಬರ್ತೀವಿ, ನೀವು ಹೊರಗೆ ಬರ್ತಿದ್ದ ಹಾಗೇ…”

ಕಾರ್ಡು ಮುಗಿದು ಫೋನು ಸತ್ತಿತು. ತಿರುಮಲೇಶ ಅದನ್ನು ಮುತ್ತಿಡುವವನಂತೆ ಮೆಲ್ಲಗೆ ಕೊಕ್ಕೆಗೆ ಸಿಕ್ಕಿಸಿ ಹೊರಗೆ ಬಂದ. ಹಸೈನಾರ್ ಸೀಲು ಬಿದ್ದ ಕಾಗದವನ್ನು ಅವನ ಕೈಗಿಟ್ಟರು. ಅವರ ಮುಖದಲ್ಲಿ ಸ್ವಲ್ಪ ಅಸೂಯೆಯೂ ಇತ್ತು.

“ಭಾಗ್ಯ ಬೇಕು ಭಟ್ರೇ. ಇಪ್ಪತ್ತು ವರ್ಷದಲ್ಲಿ ನನ್ನನ್ನು ಒಂದು ಸಲ ಸಹ ಕರೆದವರಲ್ಲ.”

“ಎಲ್ಲಿಗೆ?”

“ನಿಮಗೆ ಓದ್ಲಿಕ್ಕೆ ಬರುದಿಲ್ಲ ಅಲ್ವಾ,” ಎಂದು ಹಸೈನಾರ್ ಆ ಮೂರು ಸಾಲಿನ ಮೇಲೆ ಬೆರಳಿಟ್ಟರು. “ಎಕ್ಸಿಟ್ ಕೊಟ್ಟಿದ್ದಾರೆ. ಬಾಂಬೆಗಲ್ಲ. ಸಲ್ವಾ ಗಡಿ ದಾಟಿ ಸೌದಿ ಮರುಭೂಮಿಗೆ, ಅರ್ಬಾಬರ ಜೊತೆ, ನಲವತ್ತು ದಿನ. ಹುಬಾರ ಹಕ್ಕಿಯ ಬೇಟೆಗೆ. ಅದಕ್ಕೆ ನಿಮ್ಮ ಕೈ ಬೇಕಂತೆ. ಬೆಳಿಗ್ಗೆ ನಾಲ್ಕಕ್ಕೆ ಗಾಡಿ ಬರ್ತದೆ. ಸ್ವೆಟರ್ ಉಂಟಲ್ಲ?”

“ನನ್ನ ರಜಾ?” ಎಂದ ತಿರುಮಲೇಶ.

“ಇದೇ ರಜೆ ಅಲ್ವಾ ಮಾರಾಯ್ರೆ. ನಲವತ್ತು ದಿನ ಅದರಲ್ಲೇ ಹಿಡಿದದ್ದು.”

ತಿರುಮಲೇಶ ಮತ್ತೆ ಬೂತಿನೊಳಗೆ ಹೋಗಿ ಖಾಲಿ ಕಾರ್ಡನ್ನು ಎರಡು ಸಲ ತೂರಿಸಿದ. ಎರಡು ಸಲವೂ ಯಂತ್ರ ಅದನ್ನು ಮರ್ಯಾದೆಯಿಂದ ವಾಪಸು ಕೊಟ್ಟಿತು. ಅಷ್ಟು ಹೊತ್ತಿಗೆ ನರಸೀಪುರದಲ್ಲಿ ಸಹನಾಳ ಅಣ್ಣ ಟ್ಯಾಕ್ಸಿಗೆ ಹೇಳಿಬಂದಿದ್ದ.